ಚ್ಯೂಸ್, ಚ್ಯೂಸಿ, ಅಡೇಲೆ: ಜರ್ಮನ್ನರ ಸಲಿಗೆಯ ನಮಸ್ಕಾರಗಳನ್ನು ತಿಳಿಯುವ ಬಗೆ

ದಕ್ಷಿಣ ಜರ್ಮನಿಯ ಸ್ಟುಟ್‌ಗಾರ್ಟಿನ ಹೊರವಲಯದಲ್ಲಿ ನಾನು ಮೊದಲು ಬಾಡಿಗೆಗಿದ್ದ ಮನೆಯ ಕೆಳಗೆ ಒಂದು ಬೇಕರಿ ಇತ್ತು. ಬೆಳಿಗ್ಗೆ ಬಾಗಿಲು ತಳ್ಳಿ ಒಳಗೆ ಕಾಲಿಟ್ಟರೆ ಗಲ್ಲಾದ ಹಿಂದೆ ನಿಂತ ಹೆಂಗಸು "ಹಲ್ಯೋಲೆ!" ಎನ್ನುತ್ತಿದ್ದರು. ಎರಡು ಬನ್ ಕೇಳಿದರೆ ಅವರ ಬಾಯಲ್ಲಿ ಅದು ಎರಡು "ವೆಕ್ಲೆ" ಆಗುತ್ತಿತ್ತು. ಕಾಗದದ ಚೀಲಕ್ಕೆ ಹಾಕಿ, ಚೀಲದ ಬಾಯಿಯನ್ನು ಎರಡು ಸಲ ಮಡಚಿ ಗಾಜಿನ ಕಟ್ಟೆಯ ಮೇಲಿಟ್ಟು "ಸೋಡೆಲೆ" ಎನ್ನುತ್ತಿದ್ದರು. ನಾನು ಚಿಲ್ಲರೆ ತೆಗೆದುಕೊಂಡು ಹೊರಡುವಾಗ "ಅಡೇಲೆ!" ಹೀಗೆ ಎರಡು ನಿಮಿಷದಲ್ಲಿ ನಾಲ್ಕು ಮಾತು, ನಾಲ್ಕರ ಕೊನೆಗೂ ಅದೇ 'ಲೆ'.

ಬೆಂಗಳೂರಿನ ತರಗತಿಯಲ್ಲಿ ನಾನು ಕಲಿತಿದ್ದುದು ಸ್ವಾಗತಕ್ಕೆ ಹಲ್ಲೋ, ಗೂಟೆನ್ ಟಾಗ್, ವಿದಾಯಕ್ಕೆ ಔಫ್ ವೀಡರ್‌ಜೇನ್, ಚ್ಯೂಸ್. ಬೇಕರಿಯ ನಾಲ್ಕು ಮಾತುಗಳಲ್ಲಿ ಒಂದೂ ಪಠ್ಯಪುಸ್ತಕದಲ್ಲಿ ಇರಲಿಲ್ಲ. ನಿಘಂಟು ತೆರೆದರೆ 'ಲೆ' ಎಂಬುದು ಚಿಕ್ಕದನ್ನು ಸೂಚಿಸುವ ಪ್ರತ್ಯಯ ಎಂದಷ್ಟೇ ಹೇಳುತ್ತಿತ್ತು. ಚಿಕ್ಕ ನಮಸ್ಕಾರ, ಚಿಕ್ಕ ವಿದಾಯ ಎಂದರೆ ಏನು? ಜರ್ಮನಿಗೆ ಬರುವ ಕನ್ನಡಿಗರಿಗೆ ಈ ಪ್ರಶ್ನೆ ಎದುರಾಗಿಯೇ ಆಗುತ್ತದೆ. ನನಗೆ ಉತ್ತರ ಸಿಕ್ಕಿದ ದಾರಿಯನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಬಾಲವನ್ನು ಗುರುತಿಸಿ

ಜರ್ಮನ್ ಭಾಷೆಯಲ್ಲಿ ಒಂದು ವಸ್ತುವನ್ನು ಪುಟ್ಟದಾಗಿಸಲು ನಾಮಪದಕ್ಕೆ ಬಾಲ ಹಚ್ಚುತ್ತಾರೆ. ಗ್ರಂಥಸ್ಥ ಭಾಷೆಯಲ್ಲಿ ಅದು 'ಶೆನ್' ಅಥವಾ 'ಲೈನ್'. ಮನೆ 'ಹೌಸ್' ಆದರೆ ಪುಟ್ಟ ಮನೆ 'ಹೊಯ್ಸ್‌ಶೆನ್'. ಬಾಲ ಹತ್ತಿದ ಕೂಡಲೇ ಒಳಗಿನ ಸ್ವರ ಬದಲಾಗುವುದು ಸಾಮಾನ್ಯ, ಮತ್ತು ಪದ ಯಾವ ಲಿಂಗದ್ದಾಗಿದ್ದರೂ ನಪುಂಸಕವಾಗುತ್ತದೆ. ಹುಡುಗಿ ಎಂಬ ಅರ್ಥದ 'ಮೇಟ್‌ಶೆನ್' ಕೂಡ ವ್ಯಾಕರಣದಲ್ಲಿ ನಪುಂಸಕವಾಗಿರುವುದು ಇದೇ ಕಾರಣಕ್ಕೆ.

ಊರು ಬದಲಾದರೆ ಬಾಲವೂ ಬದಲಾಗುತ್ತದೆ. ಸ್ಟುಟ್‌ಗಾರ್ಟ್, ಟ್ಯೂಬಿಂಗೆನ್ ಇರುವ ಶ್ವಾಬಿಯಾ ಸೀಮೆಯಲ್ಲಿ ಅದು 'ಲೆ'. ಸ್ವಿಟ್ಜರ್‌ಲೆಂಡಿನಲ್ಲಿ 'ಲಿ'. ಬವೇರಿಯಾ ಮತ್ತು ಆಸ್ಟ್ರಿಯಾದಲ್ಲಿ 'ಎರ್ಲ್'. ಎಲ್ಲ ಕಡೆ ಓಡಾಡುವುದು ಬರಿಯ 'ಇ': ಅಜ್ಜಿ 'ಓಮಾ' ಮುದ್ದಿನಲ್ಲಿ 'ಓಮಿ' ಆಗುವ ಹಾಗೆ.

ಈ ಬಾಲಗಳು ನಮಸ್ಕಾರಗಳಿಗೂ ಹತ್ತುತ್ತವೆ. ಹಲ್ಲೋ ಎಂಬುದು ಹಲ್ಯೋಶೆನ್, ಹಲ್ಯೋಲೆ ಆಗುತ್ತದೆ. ಚ್ಯೂಸ್ ಎಂಬುದು ಚ್ಯೂಸಿ, ಚ್ಯೂಸ್‌ಶೆನ್, ಚ್ಯೂಸ್ಲೆ ಆಗುತ್ತದೆ. ದಕ್ಷಿಣದ ಹಳೆಯ ವಿದಾಯ 'ಅಡೇ' ಎಂಬುದು ಅಡೇಲೆ ಆಗುತ್ತದೆ. ಅಡೇಲೆ ಹೆಂಗಸರ ಹೆಸರೂ ಹೌದು. ಆದ್ದರಿಂದ ಅಂಗಡಿಯಲ್ಲಿ ಯಾರನ್ನೋ ಹೆಸರು ಹಿಡಿದು ಕರೆಯುತ್ತಿದ್ದಾರೆ ಎಂದು ಹೊಸಬರಿಗೆ ಅನಿಸಿದರೆ ಆಶ್ಚರ್ಯವಿಲ್ಲ. 'ಗೂಟೆ ನಖ್ಟ್', ಎಂದರೆ ಶುಭರಾತ್ರಿ, 'ಗುಟ್ಸ್ ನೆಶ್ಟ್ಲೆ' ಆಗುತ್ತದೆ. ಇದು ಶ್ವಾಬಿಯಾದ ಮಾತಾದರೂ ಉತ್ತರದವರೂ ಮಲಗುವ ಮುನ್ನ ಪ್ರೀತಿಯಿಂದ ಬಳಸುತ್ತಾರೆ.

ಉಚ್ಚಾರಣೆಯ ಬಗ್ಗೆ ಒಂದು ಮಾತು. ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿರುವುದು ಅಂದಾಜು ಮಾತ್ರ. 'ಚ್ಯೂಸ್' ಎನ್ನುವಾಗ ನಾಲಿಗೆ 'ಈ' ಹೇಳುವ ಜಾಗದಲ್ಲಿರಬೇಕು, ತುಟಿ 'ಊ' ಹೇಳುವಂತೆ ದುಂಡಗಾಗಬೇಕು. 'ಹಲ್ಯೋಲೆ' ಎನ್ನುವಾಗ ನಾಲಿಗೆ 'ಏ' ಕಡೆಗೆ, ತುಟಿ 'ಓ' ಕಡೆಗೆ. 1843ರಲ್ಲಿ 'ಮಂಗಳೂರು ಸಮಾಚಾರ' ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಅವರ ಮನೆತನದ ಹೆಸರಿನ ಮೊದಲ ಸ್ವರವೂ ಇದೇ. ಕನ್ನಡದಲ್ಲಿ ನಾವು ಅದನ್ನು ಸರಳವಾಗಿ 'ಮೋ' ಎಂದು ಬರೆದುಕೊಂಡೆವು. ಇನ್ನು 'ಶೆನ್' ಎಂದು ನಾನು ಬರೆಯುತ್ತಿರುವ ಬಾಲದ ಮೊದಲ ವ್ಯಂಜನ ಶಕಾರಕ್ಕೂ ಹಕಾರಕ್ಕೂ ನಡುವಿನದು. 'ಹಿ' ಎಂದು ಉಸಿರನ್ನು ಬಲವಾಗಿ ಬಿಟ್ಟರೆ ಅದರ ಹತ್ತಿರ ಬರುತ್ತದೆ.

ಎರಡನೆಯ ಹೆಜ್ಜೆ: ಅಳತೆಯನ್ನು ಮರೆತು ಸಲಿಗೆಯನ್ನು ಹುಡುಕಿ

ಹಲ್ಲೋ, ಚ್ಯೂಸ್, ಅಡೇ ಯಾವುವೂ ವಸ್ತುಗಳಲ್ಲ. ಅವನ್ನು ಚಿಕ್ಕದು ಮಾಡಲು ಬರುವುದಿಲ್ಲ. ಹಾಗಿದ್ದರೂ ಬಾಲ ಹತ್ತಿದೆ ಎಂದರೆ ಅದು ಬೇರೆ ಕೆಲಸ ಮಾಡುತ್ತಿದೆ. ಆ ಕೆಲಸಕ್ಕೆ ಕನ್ನಡದಲ್ಲಿ ತಕ್ಕ ಹೆಸರಿದೆ: ಸಲಿಗೆ.

ಇದು ಮನವರಿಕೆಯಾಗಬೇಕಾದರೆ 'ಬೀರ್‌ಶೆನ್' ಎಂಬ ಪದವನ್ನು ಗಮನಿಸಿ. ಸಂಜೆ ಕೆಲಸ ಮುಗಿದ ಮೇಲೆ ಸಹೋದ್ಯೋಗಿ "ಒಂದು ಬೀರ್‌ಶೆನ್ ಕುಡಿಯೋಣವೇ?" ಎಂದರೆ ಮೇಜಿಗೆ ಬರುವುದು ಅರ್ಧ ಲೀಟರಿನ ಗ್ಲಾಸೇ ಇರಬಹುದು. ಪ್ರಮಾಣ ಕಡಿಮೆಯಾಗಿಲ್ಲ. ಕರೆಯ ಭಾರ ಕಡಿಮೆಯಾಗಿದೆ, ಬೇಡವೆನ್ನಲೂ ನಿಮಗೆ ಅವಕಾಶವಿದೆ. ಗ್ಲಾಸು ತಾಗಿಸುವಾಗ 'ಪ್ರೋಸ್ಟ್' ಬದಲು 'ಪ್ರ್ಯೋಸ್ಟರ್‌ಶೆನ್' ಎನ್ನುವುದೂ ಹಾಗೆಯೇ. ಫೋನಿನಲ್ಲಿ ಕಾಯಿಸುವವರು 'ಮೊಮೆಂಟ್‌ಶೆನ್' ಎಂದರೆ ಕಾಯುವ ಹೊತ್ತು ಕಡಿಮೆಯಾಗುತ್ತದೆ ಎಂದಲ್ಲ, ಕಾಯಿಸುತ್ತಿರುವುದಕ್ಕೆ ಬೇಸರಪಡಬೇಡಿ ಎಂದು.

ಕನ್ನಡದಲ್ಲಿ ಹೀಗೆ ಎಲ್ಲ ಪದಕ್ಕೂ ಹತ್ತುವ ಬಾಲ ಇಲ್ಲ. ಆದರೆ 'ಬಾ' ಎನ್ನುವುದಕ್ಕೂ 'ಬಾಪ್ಪ', 'ಬಾಮ್ಮ' ಎನ್ನುವುದಕ್ಕೂ ಇರುವ ವ್ಯತ್ಯಾಸ ನಮಗೆ ಗೊತ್ತು. ಅಲ್ಲಿ ಯಾರೂ ಯಾರ ಅಪ್ಪನೂ ಅಲ್ಲ, ಅಮ್ಮನೂ ಅಲ್ಲ. ಆ ಎರಡಕ್ಷರ ಬಂದರೆ ಆಜ್ಞೆಯ ಮೊನೆ ಮೊಂಡಾಗುತ್ತದೆ. ಹಲ್ಯೋಲೆಯಲ್ಲಿರುವ 'ಲೆ' ಈ 'ಅಪ್ಪ', 'ಅಮ್ಮ'ಗಳ ದೂರದ ನಂಟ ಎಂದುಕೊಂಡರೆ ಅರ್ಧ ವಿಷಯ ತಿಳಿದಂತೆ.

ಸೋಡೆಲೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಅದು ನನಗೆ ಬಹಳ ಇಷ್ಟವಾದ ಮಾತು. ಜರ್ಮನ್ನರ ಮನೆಗೆ ಹೋದಾಗ, ಹೊರಡುವ ಹೊತ್ತು ಬಂದಿದೆ ಎನ್ನುವುದನ್ನು ಯಾರಾದರೊಬ್ಬರು ಎರಡೂ ತೊಡೆಗಳ ಮೇಲೆ ಅಂಗೈಯಿಂದ ಮೆಲ್ಲಗೆ ತಟ್ಟಿಕೊಂಡು "ಜೋ" ಎನ್ನುವ ಮೂಲಕ ತಿಳಿಸುತ್ತಾರೆ. 'ಹಾಗಾದರೆ ಸರಿ' ಎಂದು ಅದರ ಭಾವ. ಶ್ವಾಬಿಯಾದಲ್ಲಿ ಈ ಮಾತಿಗೂ 'ಲೆ' ಹತ್ತಿ 'ಸೋಡೆಲೆ' ಆಗಿದೆ. ದಕ್ಷಿಣದವರ ಬಾಯಲ್ಲಿ ಅದರ ಮೊದಲ ಅಕ್ಷರ ಜಕಾರವಲ್ಲ, ನಮ್ಮ ಸಕಾರವೇ. ಸೋಡೆಲೆ ಕೇಳಿಸಿತೆಂದರೆ ಒಂದು ಕೆಲಸ ಮುಗಿಯಿತು, ಇಲ್ಲವೇ ಒಂದು ಭೇಟಿ ಮುಗಿಯುತ್ತಿದೆ. ಅತಿಥಿಯಾಗಿ ಹೋದವರು ಅದನ್ನು ಕೇಳಿದ ಮೇಲೆ ಹೊಸ ಕಥೆ ಶುರು ಮಾಡಬಾರದು.

ಮೂರನೆಯ ಹೆಜ್ಜೆ: ಸುಳ್ಳು ಬಾಲಗಳಿಗೆ ಮೋಸ ಹೋಗಬೇಡಿ

'ಇ'ಯಲ್ಲಿ ಕೊನೆಯಾಗುವ ಎಲ್ಲ ನಮಸ್ಕಾರಗಳೂ ಮುದ್ದಿನವಲ್ಲ. ಜ್ಯೂರಿಕ್‌ನಲ್ಲಿ ಎಲ್ಲೆಡೆ ಕೇಳುವ 'ಗ್ರ್ಯೂಯೆಟ್ಸಿ' ಪುಟ್ಟ ನಮಸ್ಕಾರದಂತೆ ಕೇಳಿಸುತ್ತದೆ. ಆದರೆ ಅದು 'ದೇವರು ನಿಮ್ಮನ್ನು ಹರಸಲಿ' ಎಂಬ ಹಳೆಯ ವಾಕ್ಯ ಸವೆದು ಉಳಿದದ್ದು, ಕೊನೆಯ 'ಇ' ಎಂದರೆ 'ನಿಮ್ಮನ್ನು'. ಆದ್ದರಿಂದ ಇದು ಗೌರವದ ಮಾತು, ಅಪರಿಚಿತರಿಗೂ ಹಿರಿಯರಿಗೂ ಹೇಳುವಂಥದ್ದು. ಸಲಿಗೆಯವರಿಗೆ ಅಲ್ಲಿ 'ಹೊಯ್' ಎನ್ನುತ್ತಾರೆ. ಬವೇರಿಯಾದ 'ಪ್ಫಿಯಟಿ' ಕೂಡ ಇಂಥದ್ದೇ: 'ದೇವರು ನಿನ್ನನ್ನು ಕಾಪಾಡಲಿ' ಎಂಬುದರ ಅವಶೇಷ. ಇಲ್ಲಿನ 'ಇ' ಮಾತ್ರ 'ನಿನ್ನನ್ನು' ಎಂಬುದರಿಂದ ಬಂದಿದೆ, ಹೀಗಾಗಿ ಇದು ಏಕವಚನದಲ್ಲಿ ಮಾತಾಡುವವರಿಗೆ ಮಾತ್ರ. ಒಂದೇ 'ಇ', ಒಂದು ಕಡೆ ಬಹುವಚನದ ಗೌರವ, ಇನ್ನೊಂದು ಕಡೆ ಏಕವಚನದ ಆಪ್ತತೆ.

ಸ್ವಿಸ್ ಅಂಗಡಿಗಳಲ್ಲಿ ನಿಜವಾದ ಬಾಲ ಕೇಳಬೇಕೆಂದರೆ ಹೊರಡುವಾಗ ಕಿವಿಗೊಡಿ: "ಶ್ಯೋನ್ಸ್ ಟ್ಯಾಗ್ಲಿ". ಒಳ್ಳೆಯ ದಿನವಾಗಲಿ ಎಂದು ಹಾರೈಸುವಾಗ ದಿನಕ್ಕೆ 'ಲಿ' ಹಚ್ಚಿದ್ದಾರೆ.

ವಿಯೆನ್ನಾದಲ್ಲಿ ಬಾಲವೇ ಇಲ್ಲದ ಮುದ್ದಿನ ವಿದಾಯವೊಂದಿದೆ: 'ಬಬಾ'. ಇದು ಮಕ್ಕಳ ಮಾತಿನಿಂದ ಬಂದದ್ದು, ನಾವು ಎಳೆಯರ ಕೈ ಹಿಡಿದು 'ಟಾಟಾ ಮಾಡು' ಎನ್ನುವ ಹಾಗೆ. ಅಲ್ಲಿ ದೊಡ್ಡವರೂ ಫೋನ್ ಇಡುವಾಗ 'ಬುಸ್ಸಿ, ಬಬಾ' ಎನ್ನುತ್ತಾರೆ. ಬುಸ್ಸಿ ಎಂದರೆ ಮುತ್ತು.

ನಾಲ್ಕನೆಯ ಹೆಜ್ಜೆ: ಯಾರು ಯಾರಿಗೆ ಹೇಳಿದರು ಎಂದು ಬರೆದಿಟ್ಟುಕೊಳ್ಳಿ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ, ಮತ್ತು ಇಲ್ಲಿ ಕನ್ನಡಿಗರಿಗೆ ಇಂಗ್ಲಿಷ್ ಮಾತ್ರ ಬಲ್ಲವರಿಗಿಲ್ಲದ ಅನುಕೂಲವಿದೆ. ಜರ್ಮನ್ನಿನ 'ಡೂ' ನಮ್ಮ ನೀನು, 'ಜೀ' ನಮ್ಮ ನೀವು. ಒಂದು ವ್ಯತ್ಯಾಸ ನೆನಪಿರಲಿ: ಅವರು ಅಪ್ಪ, ಅಮ್ಮ, ಅಜ್ಜ, ಅಜ್ಜಿಯರಿಗೂ 'ಡೂ' ಎನ್ನುತ್ತಾರೆ. ಹೊರಗಿನವರ ವಿಷಯದಲ್ಲಿ 'ಡೂ'ಗೆ ಇಳಿಯೋಣ ಎಂಬ ಆಹ್ವಾನ ಹಿರಿಯರಿಂದ ಅಥವಾ ಮೇಲಿನ ಹುದ್ದೆಯವರಿಂದ ಬರಬೇಕು. ಸಲಿಗೆಯನ್ನು ಕೊಡುವವರು ಕೊಡಬೇಕು, ನಾವಾಗಿ ತೆಗೆದುಕೊಳ್ಳಬಾರದು ಎಂಬ ನಮ್ಮ ಮನೆಗಳ ನಡವಳಿಕೆಯೇ ಇದು.

ಒಂದು ವಾರ ಮೊಬೈಲಿನಲ್ಲಿ ಟಿಪ್ಪಣಿ ಮಾಡಿ. ಎಲ್ಲಿ ಕೇಳಿದಿರಿ, ಯಾರು ಯಾರಿಗೆ ಹೇಳಿದರು, ಅವರ ನಡುವೆ 'ಡೂ' ಇತ್ತೋ 'ಜೀ' ಇತ್ತೋ, ಇಷ್ಟು ಸಾಕು. ನಾನು ಹೀಗೆ ಮಾಡಿದಾಗ ಕಂಡ ಸಂಗತಿ ಇದು. ಬೇಕರಿಯ ಹೆಂಗಸು ನನಗೆ ಯಾವಾಗಲೂ 'ಜೀ' ಎನ್ನುತ್ತಿದ್ದರು, ಅದರ ಜೊತೆಗೇ ಅಡೇಲೆಯನ್ನೂ ಹೇಳುತ್ತಿದ್ದರು. ಶ್ವಾಬಿಯಾದಲ್ಲಿ 'ಲೆ' ದಿನಬಳಕೆಯ ಮಾತು. ಅದು ಬಹುವಚನದ ಗೌರವದ ಜೊತೆ ಒಂದೇ ಬಾಯಲ್ಲಿ ಇರಬಲ್ಲದು. ಆದರೆ ಕಚೇರಿಯಲ್ಲಿ ಹ್ಯಾನೋವರ್ ಕಡೆಯಿಂದ ಬಂದ ಸಹೋದ್ಯೋಗಿಯೊಬ್ಬರು 'ಚ್ಯೂಸಿ' ಎಂದಿದ್ದು ಆಪ್ತ ಗೆಳತಿಯರಿಗೆ ಮಾತ್ರ. ವಿಭಾಗದ ಮುಖ್ಯಸ್ಥರಿಗೆ ಅವರು ಬರಿಯ 'ಚ್ಯೂಸ್' ಎನ್ನುತ್ತಿದ್ದರು. ಉತ್ತರದಲ್ಲಿ ಬಾಲ ಹಚ್ಚಿದರೆ ಅದು ಎದ್ದು ಕಾಣುತ್ತದೆ, ದಕ್ಷಿಣದಲ್ಲಿ ಮಾತಿನೊಳಗೆ ಕರಗಿರುತ್ತದೆ.

'ಚ್ಯೂಸಿ', 'ಹಲ್ಯೋಶೆನ್' ಹೆಂಗಸರ ಬಾಯಲ್ಲಿ ಹೆಚ್ಚು ಕೇಳಿಬರುತ್ತವೆ, ಗಂಡಸರು ಹೇಳಬಾರದೆಂದೇನೂ ಇಲ್ಲ. ಕೆಲವರಿಗೆ ಇವು ಎಳಸು ಎನಿಸುವುದೂ ಉಂಟು. ಗೆಳೆಯರ ಗುಂಪಿನಲ್ಲಿ ಮಾತ್ರ ಓಡಾಡುವ ಆಟದ ರೂಪಗಳು ಬೇರೆ ಇವೆ: ಸ್ಲಾವ್ ಮನೆತನದ ಹೆಸರಿನಂತೆ ಬಾಲ ಹಚ್ಚಿದ 'ಚ್ಯೂಸಿಕೋವ್ಸ್ಕಿ', ಪ್ರಾಸಕ್ಕಾಗಿ ಹುಟ್ಟಿದ 'ಹಲ್ಯೋಶೆನ್ ಪೊಪ್ಯೋಶೆನ್'. ಈ ಎರಡನೆಯದರಲ್ಲಿ ಬರುವ ಎರಡನೆಯ ಪದ ಕುಂಡೆಗೆ ಮಕ್ಕಳ ಮಾತಿನ ಹೆಸರು. ಅರ್ಥ ತಿಳಿದಿರಲಿ, ಕಚೇರಿಯಲ್ಲಿ ಬಾಯಿಗೆ ಬರದಿರಲಿ.

ಬಾಲ ಯಾವಾಗಲೂ ಪ್ರೀತಿಯದ್ದೇ ಎಂದೂ ತಿಳಿಯಬೇಡಿ. ಗೆಳೆಯ 'ಫ್ರೊಯ್ಂಟ್'. ಅದಕ್ಕೆ 'ಶೆನ್' ಹಚ್ಚಿ "ಫ್ರೊಯ್ಂಟ್‌ಶೆನ್!" ಎಂದು ಯಾರಾದರೂ ಗಡುಸಾಗಿ ಕರೆದರೆ ಅದು ಬೆದರಿಕೆ. 'ಏನಪ್ಪಾ, ಹೇಗಿದೆ ಮೈಗೆ?' ಎಂದು ನಮ್ಮಲ್ಲಿ ಕಣ್ಣು ಕೆಂಪಗೆ ಮಾಡಿ ಕೇಳುವಾಗ 'ಅಪ್ಪ' ಏನಾಗುತ್ತದೆಯೋ ಅದೇ ಇಲ್ಲಿಯೂ ಆಗುತ್ತದೆ.

ಐದನೆಯ ಹೆಜ್ಜೆ: ರಾಗವನ್ನು ಕಲಿಯಿರಿ

ಪದದಷ್ಟೇ ಮುಖ್ಯ ಅದರ ಇಳಿತ. ಫೋನ್ ಇಡುವಾಗ, ಬಾಗಿಲಲ್ಲಿ ನಿಂತು ಬೀಳ್ಕೊಡುವಾಗ ಚ್ಯೂಸ್ ಎಂಬ ಒಂದಕ್ಷರವನ್ನು ಜರ್ಮನ್ನರು ಎರಡು ಮಾಡಿ ಹಾಡುತ್ತಾರೆ: "ಚ್ಯೂ-ಹ್ಯೂಸ್". ಮೊದಲನೆಯದು ಎತ್ತರದಲ್ಲಿ, ಎರಡನೆಯದು ಕೆಳಗೆ. ಸಂಗೀತ ಬಲ್ಲವರಿಗೆ ಹೇಳಬೇಕೆಂದರೆ ಹೆಚ್ಚುಕಡಿಮೆ ಸಾಧಾರಣ ಗಾಂಧಾರದಿಂದ ಷಡ್ಜಕ್ಕೆ ಇಳಿದಂತೆ. ಎರಡೂ ಸ್ವರಗಳನ್ನು ಜಾರಿಸದೆ ನಿಲ್ಲಿಸಿ ಹೇಳಬೇಕು. ಇದೇ ಇಳಿತದಲ್ಲಿ ಖಾಲಿ ಅಂಗಡಿಗೆ ಬಂದವರು "ಹಲ್ಲೋ-ಓ" ಎಂದು ಒಳಗಿದ್ದವರನ್ನು ಕರೆಯುತ್ತಾರೆ.

ಈ ರಾಗ ಬಂದರೆ ಬಾಲವೇ ಬೇಕಾಗಿಲ್ಲ, ಬರಿಯ ಚ್ಯೂಸ್ ಸಾಕಷ್ಟು ಬೆಚ್ಚಗಾಗುತ್ತದೆ. ರಾಗವಿಲ್ಲದೆ ಚುಟುಕಾಗಿ ಕೆಳಸ್ವರದಲ್ಲಿ "ಚ್ಯೂಸಿ" ಎಂದರೆ ಬಾಲವಿದ್ದೂ ತಣ್ಣಗಿರುತ್ತದೆ. 'ಹಲ್ಯೋಶೆನ್' ಎಂಬುದನ್ನು ನಡುವೆ ಎಳೆದು ಹೇಳಿದರೆ 'ಓಹೋ, ಏನಿದು!' ಎಂಬ ಬೆರಗು, ಕೆಲವೊಮ್ಮೆ ಚೆಲ್ಲಾಟವೂ ಸೇರಿಕೊಳ್ಳುತ್ತದೆ. ಅಪರಿಚಿತ ಹೆಣ್ಣುಮಕ್ಕಳಿಗೆ ಹಾಗೆ ಹೇಳಬೇಡಿ.

ಆರನೆಯ ಹೆಜ್ಜೆ: ಈಗ ನೀವು ಹೇಳಿ, ವಿದಾಯದಿಂದ ಶುರು ಮಾಡಿ

ಭೇಟಿಯ ಮೊದಲ ಕ್ಷಣದಲ್ಲಿ ಇಬ್ಬರ ನಡುವೆ ಎಷ್ಟು ಸಲಿಗೆ ಇದೆ ಎಂಬುದು ತೀರ್ಮಾನವಾಗಿರುವುದಿಲ್ಲ. ಕೊನೆಯ ಕ್ಷಣದಲ್ಲಿ ಆಗಿರುತ್ತದೆ. ಹತ್ತು ನಿಮಿಷ ನಗುತ್ತಾ ಮಾತಾಡಿದ ಮೇಲೆ "ಚ್ಯೂಸಿ" ಎಂದರೆ ಅದು ಆ ಹತ್ತು ನಿಮಿಷಕ್ಕೆ ಒಪ್ಪುತ್ತದೆ. ಆದ್ದರಿಂದ ಸ್ವಾಗತದ ಮಾತನ್ನು ಸಾದಾ ಇಟ್ಟು, ಬಾಲವನ್ನು ಬೀಳ್ಕೊಡುಗೆಗೆ ಇಟ್ಟುಕೊಳ್ಳಿ. ಅದೂ 'ಡೂ' ಆಗಿರುವ ಸಮಾನರ ಜೊತೆ, ಅವರು ಒಮ್ಮೆಯಾದರೂ ನಿಮಗೆ ಹಾಗೆ ಹೇಳಿದ ಮೇಲೆ.

ಪ್ರಾಂತದ ಬಾಲವನ್ನು ಆ ಪ್ರಾಂತದಲ್ಲೇ ಬಳಸಿ. ಹ್ಯಾಂಬರ್ಗಿನಲ್ಲಿ 'ಹಲ್ಯೋಲೆ' ಎಂದರೆ ದಕ್ಷಿಣದವರನ್ನು ಅಣಕಿಸಿದಂತೆ ಕೇಳಿಸಬಹುದು. ಅಲ್ಲಿ ಹಗಲು ರಾತ್ರಿ ನಡೆಯುವುದು 'ಮೊಯಿನ್'. ಕಲೋನ್ ಸುತ್ತಮುತ್ತ ವಿದಾಯಕ್ಕೆ 'ಚ್ಯೋ' ಎನ್ನುತ್ತಾರೆ. ಮ್ಯೂನಿಕ್‌ನಲ್ಲಿ ಬರುವಾಗಲೂ ಹೋಗುವಾಗಲೂ 'ಸೆರ್ವುಸ್'. ಇದರ ಲ್ಯಾಟಿನ್ ಮೂಲದ ಅರ್ಥ 'ನಿಮ್ಮ ದಾಸ' ಎಂದಿದ್ದರೂ ಇಂದು ಇದನ್ನು ಹೇಳುವುದು ಸಲುಗೆಯವರಿಗೇ. ಕನ್ನಡ ನಿಘಂಟಿನ ಕಿಟ್ಟೆಲ್ 1832ರಲ್ಲಿ ಹುಟ್ಟಿದ್ದು ಇಂದು ಮೊಯಿನ್ ಎನ್ನುವ ಪೂರ್ವ ಫ್ರೀಸಿಯಾದಲ್ಲಿ, 1903ರಲ್ಲಿ ತೀರಿಕೊಂಡಿದ್ದು 'ಲೆ' ಎನ್ನುವ ಟ್ಯೂಬಿಂಗೆನ್ನಿನಲ್ಲಿ. ಪದಗಳ ಬೆನ್ನು ಹತ್ತಿದ ಆ ಮನುಷ್ಯ ಈ ಎರಡು ಸೀಮೆಗಳ ಮಾತಿಗೂ ಕಿವಿಗೊಟ್ಟಿದ್ದರಲ್ಲ ಎಂದು ನೆನೆದರೆ ನನಗೆ ಸಂತೋಷವಾಗುತ್ತದೆ.

ದಕ್ಷಿಣದಲ್ಲಿ ಬರಿಯ ಹಲ್ಲೋ, ಚ್ಯೂಸ್ ಕೂಡ ಒಂದು ಕಾಲಕ್ಕೆ ಉತ್ತರದವರ ಮಾತು ಎನಿಸಿದ್ದವು. ಬವೇರಿಯಾದ ಪಸ್ಸಾವ್ ಪಟ್ಟಣದ ಶಾಲೆಯೊಂದು 2012ರಲ್ಲಿ ತನ್ನನ್ನು ಹಲ್ಲೋ ಮತ್ತು ಚ್ಯೂಸ್ ಇಲ್ಲದ ವಲಯ ಎಂದು ಕರೆದುಕೊಂಡು, ಮಕ್ಕಳು ದೇವರ ಹೆಸರಿರುವ 'ಗ್ರ್ಯೂಸ್ ಗಾಟ್' ಎನ್ನಲಿ ಎಂದು ಬಯಸಿತ್ತು. ಹಾಗೆ ನೋಡಿದರೆ ಚ್ಯೂಸ್, ಚ್ಯೋ, ಅಡೇ ಮೂರರಲ್ಲೂ ದೇವರಿದ್ದಾನೆ. ಮೂರೂ ಹೊರಟದ್ದು 'ದೇವರಿಗೆ ಒಪ್ಪಿಸಿದೆ' ಎಂಬ ಭಾವದ ಲ್ಯಾಟಿನ್ ನುಡಿಯಿಂದ. ಚ್ಯೂಸ್ ಬಂದದ್ದು ಉತ್ತರ ಕರಾವಳಿಯ 'ಅಡ್ಯೂಸ್' ಎಂಬ ರೂಪದ ಮೂಲಕ.

ಬಾಲ ಬೇಡವಾದ ಜಾಗಗಳು: ವೀಸಾ ಕಚೇರಿ, ಪೊಲೀಸರು, ಮೊದಲ ಸಲ ಕಾಣುವ ವೈದ್ಯರು, ಕೆಲಸದ ಸಂದರ್ಶನ, ಸಾವಿನ ಮನೆ. ಇಲ್ಲೆಲ್ಲ 'ಔಫ್ ವೀಡರ್‌ಜೇನ್' ಎನ್ನಿ. 'ಮತ್ತೆ ಕಾಣುವವರೆಗೆ' ಎಂದು ಅದರ ಅರ್ಥ. 'ಹೋಗುತ್ತೇನೆ' ಎನ್ನಬಾರದು, 'ಹೋಗಿ ಬರುತ್ತೇನೆ' ಎನ್ನಬೇಕು ಎಂದು ಕಲಿತು ಬಂದ ನಮಗೆ ಈ ಮಾತು ಅಪರಿಚಿತವಲ್ಲ. ಫೋನಿನಲ್ಲಾದರೆ 'ಔಫ್ ವೀಡರ್‌ಹ್ಯೋರೆನ್', ಮತ್ತೆ ದನಿ ಕೇಳುವವರೆಗೆ. ಕಚೇರಿಯ ಮಿಂಚಂಚೆಯಲ್ಲೂ ಬಾಲ ಸಲ್ಲದು. ಶ್ವಾಬಿಯಾದ ಗೆಳೆಯರು ಸಂದೇಶದ ಕೊನೆಗೆ 'ಗ್ರ್ಯೂಸ್ಲೆ', ಎಂದರೆ 'ಪುಟ್ಟ ವಂದನೆ', ಎಂದು ಬರೆದರೆ ನೀವೂ ಹಾಗೆಯೇ ಬರೆಯಬಹುದು.

ಯಾರಾದರೂ ನಿಮಗೆ ಬಾಲ ಹಚ್ಚಿ ಹೇಳಿದರೆ ಹಾಗೆಯೇ ಮರಳಿಸಬೇಕೆಂಬ ಕಟ್ಟುಪಾಡಿಲ್ಲ. "ಚ್ಯೂಸ್, ಶ್ಯೋನೆನ್ ಟಾಗ್ ನೋಖ್", ಅಂದರೆ 'ಬರುತ್ತೇನೆ, ಉಳಿದ ದಿನವೂ ಚೆನ್ನಾಗಿರಲಿ', ಎಂದು ಹೇಳಿದರೆ ಹೆಚ್ಚೂಕಡಿಮೆ ಎಲ್ಲ ಕಡೆಯೂ ಸಲ್ಲುತ್ತದೆ.

ಇಷ್ಟಾಗಿಯೂ ಒಂದು ದಿನ 'ಜೀ' ಎನ್ನಬೇಕಾದವರಿಗೆ ಬಾಯಿ ತಪ್ಪಿ 'ಚ್ಯೂಸಿ' ಹೇಳಿಬಿಟ್ಟಿರಿ ಎನ್ನಿ. ತಿರುಗಿ ಹೋಗಿ ಕ್ಷಮೆ ಕೇಳಿದರೆ ಅವರಿಗೇ ಮುಜುಗರ. ಹಾಗೆಯೇ ಹೊರಟುಬಿಡಿ. ಮರುದಿನ ಕಂಡಾಗ ನಿಂತು, ಮುಖ ನೋಡಿ, "ಗೂಟೆನ್ ಟಾಗ್" ಎನ್ನಿ. ಅವರು ನಕ್ಕು "ಹಲ್ಯೋಶೆನ್" ಎಂದರೆ ಸಲಿಗೆ ಸಿಕ್ಕಿತು. "ಗೂಟೆನ್ ಟಾಗ್" ಎಂದೇ ಮರಳಿಸಿದರೆ ನೀವೂ ಅಷ್ಟಕ್ಕೇ ನಿಲ್ಲಿ.